ಬೆಳೆಯಿರಿ ಎಂದವರು ಕೊಳ್ಳುವಾಗ ಎಲ್ಲಿ?



ಬಂಡ್ರಿಯ ಕಿರಾಣಿ ಅಂಗಡಿ ಮುಂದೆ ಮೊಮ್ಮಗ ಕ್ಯಾಡ್‌ಬರಿ ಬೇಕೆಂದು ಹಟ ಹಿಡಿದರೆ ಕೊಡಿಸ್ತೀರಿ. ಹೊದಿಕೆಯ ಮೇಲೆ ಬೆಲೆ ಅಚ್ಚಾಗಿರುತ್ತದೆ, ಚೌಕಾಸಿ ಇಲ್ಲ. ನಿಮ್ಮ ಸೇಂಗಾ ಚೀಲದ ಮೇಲೆ ಎಂದಾದರೂ ನೀವು ಬೆಲೆ ಬರೆದದ್ದುಂಟೇನ್ರಿ?

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಈ ಕಂಪನಿ ಮುಂಬಯಿಗೆ ಬಂದದ್ದು 1948ರಲ್ಲಿ. ಬ್ರಿಟಿಷರು ಗಂಟುಮೂಟೆ ಕಟ್ಟಿದ ಮರುವರ್ಷವೇ! ಮೊದಲು ಹೊರಗಿನ ಚಾಕಲೇಟು ತರಿಸಿ ಮಾರಿತು, ಆಮೇಲೆ ಇಲ್ಲೇ ಕಾರ್ಖಾನೆ ಹಾಕಿತು. ಆದರೆ ಕೋಕೋ ಬೀಜ ನಮ್ಮಲ್ಲಿರಲಿಲ್ಲ. 1965ರಿಂದ ಇಲ್ಲೇ ಕೋಕೋ ಬೆಳೆಸಲು ಕಂಪನಿ ಮುಂದಾಯಿತು. ಕೇರಳ, ಕಾಸರಗೋಡು, ದಕ್ಷಿಣ ಕನ್ನಡದ ತೆಂಗು-ಅಡಿಕೆ ತೋಟಗಳ ನೆರಳಲ್ಲಿ ಗಿಡ ಬಂದವು. ಕೆಲಸ ಒಳ್ಳೆಯದೇ, ಅದನ್ನು ಅಲ್ಲಗಳೆಯುವುದಿಲ್ಲ.

ಗೋಳು ಶುರುವಾದದ್ದು ಮಾರುವಾಗ. ಹಣ್ಣು ಒಡೆದ ಮೇಲೆ ಹಸಿ ಬೀಜವನ್ನು ಕೂಡಲೇ ಹುಳಿಯಲು ಹಾಕಬೇಕು, ಇಲ್ಲದಿದ್ದರೆ ಕೆಡುತ್ತದೆ. ಜೋಳದ ಹಾಗೆ ಹಗೇವಿನಲ್ಲಿ ತುಂಬಿಟ್ಟು ಬೆಲೆ ಕಾಯುವ ಮಾಲಲ್ಲ. ಮನೆಯಲ್ಲೇ ಚಾಕಲೇಟು ಮಾಡಿಕೊಂಡು ತಿನ್ನೋಣವೆಂದರೆ ಅದೂ ಆಗದು! ಕೊಳ್ಳುವವರು ಬೆರಳೆಣಿಕೆಯಷ್ಟು. 1977ರಲ್ಲಿ ಆಕಾಶಕ್ಕೇರಿದ್ದ ಲೋಕದ ಬೆಲೆ ಆಮೇಲೆ ಇಳಿಯಿತು. 1980ರ ಹೊತ್ತಿಗೆ ಖಾಸಗಿ ಖರೀದಿದಾರರು ಕೈ ತೆಗೆದರು. ಎಷ್ಟೋ ತೋಟದವರು ನೆಟ್ಟ ಕೈಯಲ್ಲೇ ಗಿಡ ಕಡಿದರು.

ಆಗ ನಡುವೆ ಬಂದದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಅದು. ಕೋಕೋ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರ್ಖಾನೆ ತೆರೆಯಿತು. ಬೀಜ ಮಾರುವವನೇ ಚಾಕಲೇಟನ್ನೂ ಮಾರುವವನಾದ.

ಕ್ಯಾಡ್‌ಬರಿಯನ್ನು 2010ರಲ್ಲಿ ಅಮೆರಿಕದ ಕ್ರಾಫ್ಟ್ ಕೊಂಡಿತು, ಈಗ ಅದು ಮಾಂಡಲೀಜ್ ಕೈಯಲ್ಲಿದೆ. 2024ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಬೆಳೆ ಕೆಟ್ಟು ಕೋಕೋ ಟನ್ನಿಗೆ 10,000 ಡಾಲರ್ ದಾಟಿತು. 1980ರಲ್ಲಿ ಗಿಡ ಕಡಿದವನಿಗೆ ಅದರಿಂದ ಬಂದದ್ದೇನು?

ಕೋಕೋ ನಮ್ಮ ಬಯಲುಸೀಮೆಯ ಬೆಳೆಯಲ್ಲ, ನಮಗ್ಯಾಕೆ ಅನ್ನಬೇಡಿ. ಮೆಕ್ಕೆಜೋಳದ ಗಂಜಿಯಿಂದ ಗ್ಲೂಕೋಸ್ ಪಾಕ ತೆಗೀತಾರೆ, ಪೆಪ್ಪರಮಿಂಟಿಗೆ ಹಾಕೋದು ಅದನ್ನೇ. ಮುಂದಿನ ಸಲ ಮೆಕ್ಕೆಜೋಳ ಹೇರಿಕೊಂಡು ಹೋದಾಗ, ನಿಮ್ಮ ರಾಶಿಯ ಮುಂದೆ ಬೆಲೆ ಕೂಗುವವರು ಎಷ್ಟು ಮಂದಿ ಅಂತ ಎಣಿಸಿಕೊಂಡು ಬನ್ರಿ.