ಎಳೆಯರ ಕಿವಿಗೆ ವಾದ್ಯಸಂಗೀತ

ಅಮೆರಿಕದ ಗಿಟಾರ್ ವಾದಕ ಚೆಟ್ ಅಟ್ಕಿನ್ಸ್ ಅವರು 1960ರಲ್ಲಿ ‘ಟೀನ್ಸ್‌ವಿಲ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಆ ನಾಡಿನ ಹಳ್ಳಿಗಾಡಿನಲ್ಲಿ ಬೆಳೆದ ‘ಕಂಟ್ರಿ’ ಸಂಗೀತದಲ್ಲಿ ಹೆಸರಾದ ಕಲಾವಿದರು, ಗಿಟಾರನ್ನೇ ಮುಂದಿಟ್ಟು, ಹದಿಹರೆಯದವರನ್ನು ಉದ್ದೇಶಿಸಿ ನುಡಿಸಿದ ಸಂಪುಟವಿದು. ಕೇಳುಗರ ವಯಸ್ಸು ಅದರ ಹೆಸರಿನಲ್ಲಿಯೇ ನಮೂದಾಗಿದೆ. ಸಂಗೀತಕ್ಕೆ ಹೀಗೆ ವಯಸ್ಸಿನ ಚೀಟಿ ಅಂಟಿಸುವುದು ಅವಶ್ಯವೇ ಎಂಬುದು ಶಿಕ್ಷಕರು ಆಲೋಚಿಸಬೇಕಾದ ಪ್ರಶ್ನೆ.

ಇದಕ್ಕೆ ಅಟ್ಕಿನ್ಸ್ ಅವರ ಬಾಲ್ಯವೇ ಉತ್ತರ ಹೇಳುತ್ತದೆ. 1924ರಲ್ಲಿ ಟೆನೆಸಿ ರಾಜ್ಯದ ಗ್ರಾಮೀಣ ಕುಟುಂಬವೊಂದರಲ್ಲಿ ಜನಿಸಿದ ಅವರು, ಎಳೆಯ ವಯಸ್ಸಿನಲ್ಲಿ ಮರ್ಲ್ ಟ್ರಾವಿಸ್ ಎಂಬವರ ವಾದನವನ್ನು ರೇಡಿಯೋದಲ್ಲಿ ಆಲಿಸಿದರು. ಟ್ರಾವಿಸ್ ನುಡಿಸುತ್ತಿದ್ದುದು ಹೆಬ್ಬೆರಳು ಮತ್ತು ತೋರುಬೆರಳುಗಳಿಂದ. ಆ ಕೈಯನ್ನು ಕಾಣದ ಹುಡುಗ ಇನ್ನೂ ಹೆಚ್ಚು ಬೆರಳುಗಳಿರಬೇಕೆಂದು ಊಹಿಸಿ, ತನ್ನದೇ ಆದ ಕ್ರಮವನ್ನು ರೂಢಿಸಿಕೊಂಡನು. ಮುಂದೆ ಅದೇ ಅವರ ಕೀರ್ತಿಗೆ ಕಾರಣವಾಯಿತು. ಆ ರೇಡಿಯೋ ವಾದನ ಬಾಲಕರಿಗೆಂದು ಸಿದ್ಧಪಡಿಸಿದ್ದಲ್ಲ. ಅದು ಉತ್ತಮ ವಾದನವಾಗಿತ್ತು, ಅಷ್ಟೇ.

ಕನ್ನಡ ನಾಡಿನಲ್ಲಿಯೂ ಇದಕ್ಕೆ ನಿದರ್ಶನಗಳುಂಟು. ನಾಗಸ್ವರ ವಾದಕರ ಮನೆಯಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಬಹುಕಾಲದ ಸಾಧನೆಯಿಂದ ಆ ಪರದೇಶೀ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ, 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರೊಮೆನೇಡ್ ಸಂಗೀತೋತ್ಸವದವರೆಗೂ ಅದನ್ನು ಕೊಂಡೊಯ್ದರು. ಗುಬ್ಬಿಯ ನಿದರ್ಶನ ಇನ್ನೂ ಹತ್ತಿರದ್ದು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ನಾಟಕ ಕಂಪನಿಗೆ ಬಾಲ್ಯದಲ್ಲಿಯೇ ಬಂದು ಸೇರಿದ ಬಿ.ವಿ. ಕಾರಂತರನ್ನು ಗುಬ್ಬಿ ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಅಲ್ಲಿ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತ ಕಾರಂತರು ರಂಗಸಂಗೀತಕ್ಕೆ ಹೊಸ ಜೀವ ತುಂಬಿದರು. ಒಬ್ಬ ಬಾಲಕನ ಕಿವಿಯನ್ನು ನಂಬಿ ಹಿರಿಯರೊಬ್ಬರು ಮಾಡಿದ ವೆಚ್ಚದ ಫಲವನ್ನು ಇಡೀ ನಾಡು ಉಂಡಿತು.

ಹಾಗೆಂದು ಅಟ್ಕಿನ್ಸ್ ಅವರ ಉದ್ದೇಶವನ್ನು ಹಗುರವಾಗಿ ಕಾಣಬೇಕಿಲ್ಲ. ನುರಿತ ಕಲಾವಿದನು ಎಳೆಯರ ಬಳಿಗೆ ಹೋಗುವುದು ಶ್ಲಾಘ್ಯವೇ. ಎಳೆಯರಿಗೆ ಇಷ್ಟು ಸಾಕು ಎಂಬ ಉದಾಸೀನವೇ ಕೇಡು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಮುದ್ರಿತ ಚಲನಚಿತ್ರಗೀತೆಗೆ ಮಕ್ಕಳು ಕೈಕಾಲು ಆಡಿಸಿದರೆ ಅದನ್ನೇ ಕಲೆಯೆಂದು ಭ್ರಮಿಸುವುದು ಈ ಉದಾಸೀನದ ಫಲ. ಮಾತಿನ ಆಸರೆಯಿಲ್ಲದ ವಾದ್ಯಸಂಗೀತವಾದರೋ ಏಕಾಗ್ರತೆಯನ್ನು ಬೇಡುತ್ತದೆ. ಏಕಾಗ್ರತೆಯಿಲ್ಲದೆ ಯಾವ ವಿದ್ಯೆಯೂ ಕೈಗೂಡದು.

ಪರೀಕ್ಷೆಯ ಒತ್ತಡ, ಹಣದ ಅಭಾವ ಎಂಬ ಆಕ್ಷೇಪಗಳು ಸಹಜ. ಆದರೆ ತಿಂಗಳಿಗೊಂದು ಗಂಟೆಯ ಶ್ರವಣಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಸೋಮನ ಕುಣಿತದ ಅರೆವಾದ್ಯ, ಜಾತ್ರೆಯ ಓಲಗಗಳನ್ನು ಕೇಳುತ್ತ ಬೆಳೆದ ಗುಬ್ಬಿ, ಕುಣಿಗಲ್ ಸೀಮೆಯ ಮಕ್ಕಳ ಕಿವಿ ಈಗಾಗಲೇ ಅರ್ಧ ಪಳಗಿದೆ. ಆ ವಾದಕರನ್ನೇ ಶಾಲೆಗೆ ಕರೆಸಿ, ಗೌರವಿಸಿ, ಮಕ್ಕಳ ಮುಂದೆ ನುಡಿಸಲು ಕೋರಬಹುದು. ತುಮಕೂರಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ವಾದ್ಯಬಲ್ಲವರು ವರ್ಷಕ್ಕೆ ಕೆಲವು ದಿನಗಳನ್ನು ತಾವು ಕಲಿತ ಶಾಲೆಗೆ ಮೀಸಲಿಡಬಹುದು. ಕೊಠಡಿಗಳನ್ನು ಕಟ್ಟಿಸಿಕೊಡುವ ಉದಾರಿಗಳು ಒಂದು ಕೊಳಲು, ಒಂದು ಹಾರ್ಮೋನಿಯಂ, ಒಂದು ಗಿಟಾರನ್ನೂ ನೀಡಲಿ. ಆ ವಾದ್ಯಗಳು ಬೀರುವಿನಲ್ಲಿ ಬೀಗದೊಳಗೆ ಉಳಿಯದಂತೆ ಶಿಕ್ಷಕರು ನೋಡಿಕೊಳ್ಳಲಿ.