ಬಾಂಬು ಬಾಯಲ್ಲಿ, ಸಿಡಿಮದ್ದು ಕೈಯಲ್ಲಿ!

ಕನ್ನಡಿಗರೇ, ಬೆಳಿಗ್ಗೆ ಪತ್ರಿಕೆ ಬಿಡಿಸಿ ನೋಡಿ. ಶಾಸಕ ಬಾಯಿ ತೆರೆದರೆ ‘ಹೊಸ ಬಾಂಬ್’. ಅತೃಪ್ತನೊಬ್ಬ ಕಾಗದ ಬರೆದರೆ ‘ಲೆಟರ್ ಬಾಂಬ್’. ವಿಧಾನಸೌಧದ ಸುತ್ತ ಇಷ್ಟೊಂದು ಬಾಂಬು ಸಿಡಿದರೂ ಒಂದು ಕುರ್ಚಿಯ ಕಾಲೂ ಮುರಿದಿಲ್ಲ! ಹೀಗೆ ಸವೆದುಹೋದ ಮಾತಿಗೆ ಯಾರು ಹೆದರುತ್ತಾರೆ?

ಬಾಂಬು ಹೊರಗಿನಿಂದ ಬಂದ ಪದ. ಅದರ ಮೇಲೆ ನಮಗೆ ಸಿಟ್ಟಿಲ್ಲ. ಬಸ್ಸು, ಕಾರುಗಳ ಹಾಗೆ ಕೊನೆಗೊಂದು ಉಕಾರ ಅಂಟಿಸಿಕೊಂಡು ಅದು ನಮ್ಮದೇ ಆಗಿದೆ. ಆದರೆ ಅದು ಬರುವ ಮೊದಲು ಕನ್ನಡ ಮೂಕವಾಗಿತ್ತೇ? ಕೆಮ್ಮಿಗೂ ಮದ್ದು, ಕೋವಿಗೂ ಮದ್ದು ಎಂದ ಜನ ನಾವು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಗಳಿವೆ. ಜೋಡಿ ರೈಲು ಹಳಿಗೆ ಅಡ್ಡವಾದ ಒಂದನ್ನು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದರು. ದೀಪಾವಳಿಗೆ ಇಂದಿಗೂ ಬಾಣಬಿರುಸು ಎನ್ನುತ್ತೇವೆ. ಕಾಡುಹಂದಿಗೆಂದು ತಿನಿಸಿನಲ್ಲಿ ಅಡಗಿಸಿಟ್ಟದ್ದನ್ನು ಹಸು ಕಚ್ಚಿ ಬಾಯಿ ಛಿದ್ರವಾದರೆ, ‘ಸಿಡಿಮದ್ದು’ ಎಂದು ಹಳ್ಳಿಯ ಮಗುವೂ ಹೇಳುತ್ತದೆ. ಸಿಡಿಯುವ ಮದ್ದು, ಸಿಡಿಮದ್ದು. ಅರ್ಥ ತಿಳಿಯಲು ನಿಘಂಟೂ ಬೇಡ, ಪಂಡಿತರೂ ಬೇಡ.

ಈಗ ಕಲ್ಲುಕ್ವಾರಿಗೆ ಬನ್ನಿ. ಅಲ್ಲಿ ಬಂಡೆ ಒಡೆಯುವ ಸಿಡಿಮದ್ದಿನ ಹೆಸರು ‘ಜಿಲೆಟಿನ್ ಕಡ್ಡಿ’. ಕಡ್ಡಿಯಂತೆ! ಊದಿನಕಡ್ಡಿ, ಬೆಂಕಿಕಡ್ಡಿ, ಜೊತೆಗೆ ಇದೂ ಒಂದು ಕಡ್ಡಿ! 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕ ಸಿಡಿದು ಕೂಲಿಕಾರರು ಸತ್ತರು. ದೂರದ ಊರುಗಳ ಜನ ಭೂಕಂಪವೆಂದು ಬೀದಿಗೆ ಓಡಿಬಂದರು. ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಆರು ಮಂದಿಯ ಪ್ರಾಣ ಹೋಯಿತು. ಈ ಸಾವುಗಳಿಗೆ ಪದವೇ ಕಾರಣ ಎಂದು ನಾವು ಹೇಳುತ್ತಿಲ್ಲ. ಅಕ್ರಮ ದಾಸ್ತಾನಿನ ಪಾಪ ದೊಡ್ಡದು. ಆದರೆ ಕೈಯಲ್ಲಿ ಹಿಡಿದದ್ದು ಏನೆಂದು ಹಿಡಿದವನ ಭಾಷೆಯಲ್ಲಿ ಹೇಳುವುದು ಮೊದಲ ಕಾವಲಲ್ಲವೇ?

ನಾಮಫಲಕಗಳಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದರು. ಒಳ್ಳೆಯದೇ. ಆದರೆ ಸೀರೆ ಅಂಗಡಿಯ ಹೆಸರು ಓದಲು ಬಾರದಿದ್ದರೆ ಯಾರ ಪ್ರಾಣವೂ ಹೋಗುವುದಿಲ್ಲ. ಸಿಡಿಮದ್ದಿನ ಪೆಟ್ಟಿಗೆಯ ಮೇಲಿನ ಬರಹ ಓದಲು ಬಾರದಿದ್ದರೆ?

ಸ್ಫೋಟಕಗಳ ಕಾಯ್ದೆ ದೆಹಲಿಯದು ಎಂಬ ನೆಪ ಬೇಡ. ಕರ್ನಾಟಕದ ಪ್ರತಿ ಕ್ವಾರಿಯ ಬಾಗಿಲಲ್ಲಿ, ಪ್ರತಿ ಪೆಟ್ಟಿಗೆಯ ಮೇಲೆ, ಪ್ರತಿ ಲಾರಿಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆಯಿರಿ: ‘ಸಿಡಿಮದ್ದು, ಮುಟ್ಟಿದರೆ ಸಾವು’. ಹೊರರಾಜ್ಯದ ಕೂಲಿಕಾರರಿದ್ದರೆ ಕೆಳಗೆ ಅವರ ಭಾಷೆಯಲ್ಲೂ ಬರೆಯಿರಿ. ಅವರದ್ದೂ ಜೀವವೇ.

ಪತ್ರಿಕೆಯ ಮಿತ್ರರೇ, ನೀವೂ ರಾಜಕಾರಣಿಗಳ ಬಾಯಿಂದ ಬಾಂಬು ಕಿತ್ತುಕೊಳ್ಳಿ. ಅಲ್ಲಿರುವುದು ಬರೀ ಗಾಳಿ!