ಒಬ್ಬರ ತಲೆಯೊಳಗೆ ಉಳಿದ ಕೀಲಿಕೈ

ಮೂರು ದಶಕಗಳನ್ನು ವೈದ್ಯವೃತ್ತಿಯಲ್ಲಿ ಕಳೆದ ನಾನು ಸರ್ವರ್, ಪಾಸ್‌ವರ್ಡ್ ಎಂದು ಬರೆಯತೊಡಗಿದರೆ ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ನಾನಿರುವ ಅಮೆರಿಕದಲ್ಲಿ ರೋಗಿಯ ಅಲರ್ಜಿಗಳು, ಔಷಧಿಗಳ ಪಟ್ಟಿ, ಪ್ರಯೋಗಾಲಯದ ವರದಿಗಳು ಇಂದು ಕಾಗದದ ಮೇಲಿಲ್ಲ; ಸರ್ವರಿನ ಒಳಗಿವೆ. ಆ ಬಾಗಿಲು ಮುಚ್ಚಿದರೆ ಎದುರಿಗೆ ಕುಳಿತ ರೋಗಿಯ ಅರ್ಧ ಚರಿತ್ರೆ ವೈದ್ಯನ ಪಾಲಿಗೆ ಕಾಣದಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ವಾರಕ್ಕೊಮ್ಮೆ ಹೋಗುತ್ತಿದ್ದ ಸಣ್ಣ ಚಿಕಿತ್ಸಾಲಯವೊಂದರಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವರು ಒಬ್ಬರೇ. ಅವರಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಮಾತು ಹೋಯಿತು. ಅಫೇಸಿಯಾ ಎಂದು ನಾವು ಕರೆಯುವ ಸ್ಥಿತಿ ಅದು: ಅರ್ಥವಾದದ್ದನ್ನೂ ನುಡಿಯಲಾಗದು, ಬರೆಯಲಾಗದು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬಹುಶಃ ಅವರ ನೆನಪಿನಲ್ಲಿಯೇ ಇತ್ತು. ಹೊರಬರುವ ದಾರಿ ಮಾತ್ರ ಇರಲಿಲ್ಲ. ಹಾಸಿಗೆಯ ಬಳಿಗೆ ಕೀಲಿಮಣೆ ಒಯ್ದು ಕೇಳೋಣವೆಂದು ಒಬ್ಬಿಬ್ಬರು ಸೂಚಿಸಿದರು. ನಾನು ವಿರೋಧಿಸಿದೆ. ರೋಗಿಯಾದ ಮೇಲೆ ಆತ ನೌಕರನಲ್ಲ. ತನ್ನ ಹೆಸರನ್ನೇ ಹೇಳಲು ತಡವರಿಸುವ ಮನುಷ್ಯನಿಂದ ಸಂಸ್ಥೆಯ ಗುಟ್ಟನ್ನು ಹೊರತೆಗೆಯುವುದು ನ್ಯಾಯವಲ್ಲ.

ಕೊನೆಗೆ ಹೊರಗಿನಿಂದ ಬಂದ ತಂತ್ರಜ್ಞರೊಬ್ಬರು ಸರ್ವರಿನ ಎದುರು ಕುಳಿತು, ಅನುಸ್ಥಾಪನಾ ಡಿಸ್ಕಿನಿಂದ ಯಂತ್ರವನ್ನು ಆರಂಭಿಸಿ, ಹೊಸ ಪಾಸ್‌ವರ್ಡನ್ನು ಸ್ಥಾಪಿಸಿದರು. ಹಳೆಯದನ್ನು ಅವರೂ ಓದಲಿಲ್ಲ. ಏಕೆಂದರೆ ಯಂತ್ರದಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಹಿಂದಕ್ಕೆ ತಿರುಗಿಸಲಾಗದ ಅದರ ಹ್ಯಾಷ್ ಮಾತ್ರ ಇರುತ್ತದೆ. ಕೆಲಸ ಸುಲಭವಾಗಿ ಮುಗಿಯಿತೆಂದು ಎಲ್ಲರೂ ಹಿಗ್ಗಿದರು. ನನಗೆ ಆ ಸುಲಭತೆಯೇ ಭಯ ತಂದಿತು. ಡಿಸ್ಕ್ ಗೂಢಲಿಪೀಕರಣಗೊಂಡಿರಲಿಲ್ಲ, ಅಂದರೆ ಯಂತ್ರವನ್ನು ಕದ್ದೊಯ್ದ ಯಾರಾದರೂ ಇದನ್ನೇ ಮಾಡಬಹುದಿತ್ತು. ಬಿಟ್‌ಲಾಕರ್‌ನಂಥ ರಕ್ಷಣೆ ಇದ್ದಿದ್ದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿ ಬೇಕಾಗುತ್ತಿತ್ತು. ಅದೂ ಅದೇ ವ್ಯಕ್ತಿಯ ಬಳಿ ಇದ್ದಿದ್ದರೆ ಯಾವ ತಂತ್ರಜ್ಞನೂ ಏನೂ ಮಾಡುವಂತಿರಲಿಲ್ಲ. ಬೀಗ ಬಲವಾದಷ್ಟೂ ಬದಲಿ ಕೀಲಿಯ ಏರ್ಪಾಡು ಮೊದಲೇ ಆಗಿರಬೇಕು.

ಜಗತ್ತು ಈ ಪಾಠವನ್ನು ಹಲವು ಸಲ ಕಲಿತಿದೆ. ನಾರ್ವೆಯಲ್ಲಿ ನೀನೋಶ್ಕ್ ಭಾಷೆಗೆ ಬುನಾದಿ ಹಾಕಿದ ಈವಾರ್ ಓಸೆನ್ ಹೆಸರಿನ ಕೇಂದ್ರವೊಂದಿದೆ. ವಿದ್ವಾಂಸ ರೈದಾರ್ ಜೂಪೆದಾಲ್ ಅವರ ಸುಮಾರು 11,000 ಪುಸ್ತಕಗಳ ಸೂಚಿ ಅದರ ಕಂಪ್ಯೂಟರಿನಲ್ಲಿ ಸಿಕ್ಕಿಕೊಂಡಿತ್ತು. ಪಾಸ್‌ವರ್ಡ್ ಯಾರಿಗೂ ತಿಳಿದಿರಲಿಲ್ಲ. 2002ರಲ್ಲಿ ಕೇಂದ್ರವು ಬಹಿರಂಗವಾಗಿ ಸಹಾಯ ಕೋರಿತು. ಉತ್ತರ ಬೇಗನೆ ಬಂತು: ಅವರ ಕುಲನಾಮವನ್ನೇ ಹಿಂದುಮುಂದಾಗಿ ಬರೆದ ಪದ! ಒಂದು ಭಾಷೆಯ ಗ್ರಂಥಸಂಪತ್ತಿನ ಸೂಚಿ ಉಳಿದದ್ದು ಪಾಸ್‌ವರ್ಡ್ ದುರ್ಬಲವಾಗಿದ್ದ ಅದೃಷ್ಟದಿಂದ.

ಸ್ಯಾನ್‌ ಫ್ರಾನ್ಸಿಸ್ಕೋದ ಕಥೆ ಬೇರೆ. 2008ರಲ್ಲಿ ಅಲ್ಲಿನ ನಗರಾಡಳಿತದ ಜಾಲವನ್ನು ನಿರ್ವಹಿಸುತ್ತಿದ್ದ ಟೆರ್ರಿ ಚೈಲ್ಡ್ಸ್ ಮೇಲಧಿಕಾರಿಗಳಿಗೆ ಪಾಸ್‌ವರ್ಡ್ ಕೊಡಲು ನಿರಾಕರಿಸಿ ಸೆರೆಯಾದರು. ಜಾಲ ಓಡುತ್ತಲೇ ಇತ್ತು, ಆದರೆ ಅದರ ಹಿಡಿತ ನಗರದ ಕೈಯಲ್ಲಿರಲಿಲ್ಲ. ಕೊನೆಗೆ ಮೇಯರ್ ಗೆವಿನ್ ನ್ಯೂಸಮ್ ಸೆರೆಮನೆಗೇ ಹೋದಾಗ ಅವರಿಗೆ ಮಾತ್ರ ತಿಳಿಸಿದರು. 2010ರಲ್ಲಿ ಚೈಲ್ಡ್ಸ್‌ಗೆ ನಾಲ್ಕು ವರ್ಷಗಳ ಶಿಕ್ಷೆಯಾಯಿತು. ಅವರ ಹಟವನ್ನು ಎಲ್ಲರೂ ಚರ್ಚಿಸಿದರು. ಇಡೀ ನಗರದ ಕೀಲಿಕೈ ಒಬ್ಬನ ಬಳಿಯೇ ಉಳಿಯಲು ಬಿಟ್ಟ ವ್ಯವಸ್ಥೆಯೂ ಅಷ್ಟೇ ವಿಚಾರಣೆಗೆ ಅರ್ಹವಾಗಿತ್ತು.

ಪಾಸ್‌ವರ್ಡನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂದು ಭದ್ರತಾ ತಜ್ಞರು ಹೇಳುತ್ತಾರಲ್ಲ, ಎಂದು ಕೇಳಬಹುದು. ಆ ಮಾತು ಸರಿಯೇ. ಹಂಚುವುದು ಬೇರೆ, ಠೇವಣಿಯಿಡುವುದು ಬೇರೆ. ಇಬ್ಬರಿಗೆ ಪ್ರತ್ಯೇಕ ಅಡ್ಮಿನಿಸ್ಟ್ರೇಟರ್ ಖಾತೆಗಳಿರಲಿ. ಮೂರನೆಯದೊಂದು ತುರ್ತು ಖಾತೆಯ ಪಾಸ್‌ವರ್ಡ್ ಮೊಹರು ಹಾಕಿದ ಲಕೋಟೆಯಲ್ಲಿ ತಿಜೋರಿ ಸೇರಲಿ. ಲಕೋಟೆ ಒಡೆದವರ ಹೆಸರು ದಾಖಲಾಗಲಿ. ಅಮೆರಿಕದ ಆರೋಗ್ಯ ಮಾಹಿತಿ ಕಾನೂನಾದ ಹಿಪಾದ ಭದ್ರತಾ ನಿಯಮಗಳು ತುರ್ತು ಸಂದರ್ಭದಲ್ಲಿ ದಾಖಲೆಗಳನ್ನು ತಲುಪುವ ವಿಧಾನವನ್ನು ಕಡ್ಡಾಯಗೊಳಿಸಿವೆ. ಬ್ಯಾಂಕ್ ಲಾಕರಿಗೆ ಎರಡು ಕೀಲಿಗಳಿರುವುದನ್ನು ನಾವು ಅಪನಂಬಿಕೆ ಎಂದು ಭಾವಿಸುವುದಿಲ್ಲ. ಸರ್ವರಿನ ವಿಷಯದಲ್ಲಿ ಮಾತ್ರ ಎರಡನೆಯ ಕೀಲಿ ಕೇಳಿದರೆ ಅವಮಾನವಾದಂತೆ ವರ್ತಿಸುತ್ತೇವೆ.

ಈ ಮಾತು ಊರಿನಲ್ಲಿರುವ ನಿಮಗೂ ಸಂಬಂಧಿಸಿದ್ದು. ವಿದೇಶಕ್ಕೆ ಹೊರಟ ಮಗನೋ ಮಗಳೋ ಅರಿಯದೆಯೇ ಹೆತ್ತವರ ಬದುಕಿನ ಅಡ್ಮಿನಿಸ್ಟ್ರೇಟರ್ ಆಗಿಬಿಡುತ್ತಾರೆ. ತಾಯಿಯ ಬ್ಯಾಂಕ್ ಖಾತೆಗೆ ಮಗನ ಮೊಬೈಲ್ ಸಂಖ್ಯೆ, ಆರೋಗ್ಯ ವಿಮೆಗೆ ಅವನ ಇಮೇಲ್, ಪಾಸ್‌ವರ್ಡುಗಳು ಅವನ ತಲೆಯಲ್ಲಿ. ಮೈಸೂರಿನ ಆಸ್ಪತ್ರೆಯ ಕೌಂಟರಿನಲ್ಲಿ ಒಟಿಪಿ ಕೇಳಿದಾಗ ಅವನಿಗಿಲ್ಲಿ ನಡುರಾತ್ರಿ. ಹಿಂದೆ ಅಜ್ಜಿಯ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲು ಕನಿಷ್ಠ ಮನೆಯೊಳಗಾದರೂ ಇರುತ್ತಿತ್ತು.

ಹೊರಡಲು ಸಿದ್ಧರಾಗುತ್ತಿರುವ ಕಿರಿಯರೇ, ವೀಸಾದ ಕಾಗದಗಳನ್ನು ಜೋಡಿಸುವಾಗ ಈ ಕೆಲಸಕ್ಕೂ ಒಂದು ಸಂಜೆ ಮೀಸಲಿಡಿ. ಹೆತ್ತವರ ಖಾತೆಗಳಿಗೆ ಅವರದೇ ಫೋನ್ ಸಂಖ್ಯೆ ನೋಂದಾಯಿಸಿ. ನಾಮನಿರ್ದೇಶನ ಆಗಿದೆಯೇ ನೋಡಿ. ಊರಿನಲ್ಲಿರುವ ಒಬ್ಬ ನಂಬಿಕಸ್ಥರಿಗೆ, ಯಾವ ದಾಖಲೆ ಎಲ್ಲಿದೆ ಎಂಬುದಾದರೂ ತಿಳಿದಿರಲಿ. ನಿಮ್ಮ ಖಾತೆಗಳಿಗೆ ಗೂಗಲ್ 2013ರಿಂದಲೂ ಆ್ಯಪಲ್ 2021ರಿಂದಲೂ ವಾರಸುದಾರರನ್ನು ಸೂಚಿಸುವ ಅವಕಾಶ ಕೊಟ್ಟಿವೆ, ಬಳಸಿಕೊಳ್ಳಿ. ಹಿರಿಯರೂ ಸಹ "ಇದೆಲ್ಲ ಅಪಶಕುನ" ಎಂದು ಮಾತು ತೇಲಿಸಬಾರದು. ಪಾರ್ಶ್ವವಾಯು ಮುಹೂರ್ತ ನೋಡಿ ಬರುವುದಿಲ್ಲ. ಅದು ಬಂದ ದಿನ ರೋಗಿಯನ್ನು ಸುತ್ತುವರಿದವರು ಅವರ ಆರೋಗ್ಯವನ್ನು ವಿಚಾರಿಸುವಂತಿರಬೇಕು, ಪಾಸ್‌ವರ್ಡನ್ನಲ್ಲ.